ಕೊಡ ಹಿಡಿದವನು

ಟೆಲಿಫೋನ್ ಆಫೀಸಿನ ಸೆರಫಿನಾ ಲೋಬೊ ತೀರಿಕೊಂಡರಂತೆ,
ಇಗರ್ಜಿಯ ಅಂಗಳಕ್ಕೆ ಮೈಕು ಬೇಕಂತೆ, ನಾಲ್ಕು ಗಂಟೆಗೆ.
ಹುಡುಗ ಬಂದು ಮುಂಗಡ ಕೊಟ್ಟು ಹೋದ.
ರಸೀದಿ ಬರೆದೆ. ಆಮೇಲೆ, ಬರೆದ ಹೆಸರನ್ನು ಓದಿದೆ.

ನಿಮಗೆ ನೆನಪಿರಲಾರದು. ಹದಿಮೂರೇ ಕಂತು,
ಭಾನುವಾರ ಸಂಜೆ, ಕರೆಂಟು ಇದ್ದರೆ.
ಥರ್ಮೋಕೋಲಿನ ಗಗನನೌಕೆ, ಒಳಗೆ ಒಬ್ಬನೇ ಮನುಷ್ಯ,
ಜೊತೆಗೊಂದು ಯಂತ್ರ. ಅದಕ್ಕೆ ಮೈಯಿಲ್ಲ, ಬರೀ ಕೆಂಪು ದೀಪ,
ಅದೂ ನೆಹರೂ ರೋಡಿನ ಗ್ಯಾರೇಜಿನಲ್ಲಿ ಬಿಚ್ಚಿ ತಂದ
ಸ್ಕೂಟರಿನ ಹಿಂದೀಪ.
ಆ ದೀಪಕ್ಕೆ ಇವರ ದನಿ.

ದುರ್ಗಿಗುಡಿಯ ಮಹಡಿಯಲ್ಲಿ ಗೋಡೆಗೆಲ್ಲ ಗೋಣಿ ಜಡಿದ ಕೋಣೆ.
ಫ್ಯಾನು ಹಾಕುವಂತಿಲ್ಲ, ಟೇಪಿಗೆ ಸದ್ದು ಹತ್ತುತ್ತದೆ.
ರಾತ್ರಿಪಾಳಿ ಮುಗಿಸಿ ನೇರ ಬರುತ್ತಿದ್ದರು,
ಹೆಡ್‌ಫೋನು ಒತ್ತಿದ ಗೆರೆ ಕೂದಲಲ್ಲಿ ಇನ್ನೂ ಹಾಗೇ.
ದನಿಗೆ ಲೋಹ ಬೇಕಿತ್ತು. ಅಂಥ ಉಪಕರಣ ಊರಲ್ಲಿರಲಿಲ್ಲ.
ನಮ್ಮಮ್ಮನ ತಾಮ್ರದ ಕೊಡ ತಂದೆ.
ಕೊಡದ ಬಾಯಿಗೆ ಬಾಯಿ ಕೊಟ್ಟು ಅವರು ಮಾತಾಡಿದರು,
ಅಂಚಿಗೆ ಮೈಕು ಕಟ್ಟಿ ನಾನು ಹಿಡಿದುಕೊಂಡೆ,
ಹದಿನೇಳು ವಯಸ್ಸು, ಉಸಿರಾಡಲೂ ಹೆದರಿಕೆ.
ಒಂದೊಂದು ಅಕ್ಷರಕ್ಕೆ ಕೊಡದಲ್ಲಿ ಒಂದೊಂದು ನಡುಕ:
ಮಕಾರಕ್ಕೆ ಹೊಟ್ಟೆಯ ಹತ್ತಿರ, ಸಕಾರಕ್ಕೆ ಕಂಠದಲ್ಲಿ.
ಅವರ ಮಾತನ್ನು ಕೈಯಿಂದ ಕೇಳಿದವನು
ನಾನೊಬ್ಬನೇ ಇರಬೇಕು.

ಏಳನೆಯ ಕಂತು. ಹಾಳೆಯಲ್ಲಿ ಇದ್ದದ್ದಿಷ್ಟು:
‘ಭೂಮಿ ಬಿಟ್ಟು ಸಾವಿರದ ಇನ್ನೂರನೆಯ ದಿನ. ಆಮ್ಲಜನಕ ಸಾಕಷ್ಟಿದೆ.’
ಅಷ್ಟನ್ನೂ ಹೇಳಿ, ಚೂರು ತಡೆದು, ಕೇಳಿಬಿಟ್ಟರು:
‘ಊಟ ಆಯ್ತಾ?’
ಕಟ್ ಕಟ್ ಎಂದು ಎದ್ದರು ನಿರ್ದೇಶಕ ಚನ್ನವೀರಪ್ಪನವರು,
‘ಯಂತ್ರ ಹಾಗೆಲ್ಲ ಕೇಳುತ್ತೇನ್ರೀ?’
ಇವರು ಕೊಡದಿಂದ ಮುಖ ತೆಗೆದು,
‘ಮೂರು ವರ್ಷ ಒಬ್ಬನೇ ಇರೋನನ್ನ
ಮತ್ತಿನ್ನೇನು ಕೇಳೋದು ಸಾರ್?’

ಮಾತು ಉಳಿಯಿತು.
ಆ ವಾರ ಊರ ಹುಡುಗರೆಲ್ಲ ಚೊಂಬಿನೊಳಗೆ ಬಾಯಿಟ್ಟು
ಊಟ ಆಯ್ತಾ, ಊಟ ಆಯ್ತಾ,
ತಾಯಂದಿರು ಬೈದು ಚೊಂಬು ಕಿತ್ತುಕೊಳ್ಳುವವರೆಗೆ.
ಸೋಮವಾರ ಅವರು ಎಂದಿನಂತೆ ಕೆಲಸಕ್ಕೆ ಹೋದರು.
‘ಸಾಗರ ಸಿಕ್ಕಿದೆ, ಮಾತಾಡಿ.’
‘ಹೊಸನಗರದ ಲೈನು ಬಿದ್ದಿದೆ, ಕಾಯಬೇಕು.’
‘ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?’
ಸಾವು ತಿಳಿಸುವವನಿಗೂ ಶುಂಠಿಯ ರೇಟು ಕೇಳುವವನಿಗೂ ಅದೇ ದನಿ.
ಯಾರಿಗೂ ಗುರುತು ಹತ್ತಲಿಲ್ಲ,
ಕೊಡ ಇರಲಿಲ್ಲವಲ್ಲ.

ಆ ಕಂತುಗಳ ಮೇಲೆ ಆಮೇಲೆ ಕೋಳಿ ಸಾಕಣೆಯ ಪಾಠ ಮುದ್ರಿಸಿದರಂತೆ.
ಟೇಪು ದುಬಾರಿ, ಆಕಾಶ ಅಗ್ಗ.
ನನ್ನಲ್ಲಿ ಒಂದು ಕ್ಯಾಸೆಟ್ಟು ಉಳಿದಿದೆ, ಬರೀ ತಪ್ಪಿದ್ದು:
ಕೆಮ್ಮು, ‘ಇನ್ನೊಂದ್ಸಲ ಹೇಳ್ತೀನಿ’, ಕೊಂಕಣಿಯಲ್ಲೊಂದು ಬೈಗುಳ,
ಆಮ್ಲಜನಕ ನಾಲಿಗೆಗೆ ಸಿಗದೆ ಆರು ಸಲ,
ಆರನೆಯದಕ್ಕೆ ನಗು, ನಗುವಿಗೆ ಗುಂಯ್ಗುಟ್ಟಿದ ಕೊಡ,
ಅದರ ಹಿಂದೆ ಇನ್ನೂ ಒಡೆಯದ ಗಂಟಲಿನ ಹುಡುಗನೊಬ್ಬನ ನಗು.
ಅದು ನಾನೇ ಅಂತ ಹೆಂಡತಿಗೆ ಹೇಳಿದರೆ ನಂಬುವುದಿಲ್ಲ.

ನಾಲ್ಕಕ್ಕೆ ಮುಂಚೆಯೇ ಹೋದೆ. ವೈರು ಎಳೆದೆ.
ಪೆಟ್ಟಿಗೆಯ ತಲೆಯ ಕಡೆ ಸ್ಟ್ಯಾಂಡು ನಿಲ್ಲಿಸಿ
ಫಾದರ್ ಎತ್ತರಕ್ಕೆ ತಿರುಪು ಬಿಗಿದೆ.
ಮುಖ ಸಣ್ಣದಾಗಿತ್ತು. ಬಾಯಿ ಸರಿಯಾಗಿ ಮುಚ್ಚಿತ್ತು.
ತಂಗಿಯ ಮಗಳಿರಬೇಕು, ಹತ್ತಿರ ಬಂದು ಕೇಳಿದಳು,
‘ಆಂಟಿ ನಿಮಗೆ ಗೊತ್ತಿದ್ದರಾ?’
‘ಕೊಡ ಹಿಡಿದಿದ್ದೆ’ ಅಂದೆ.
ಅಂದ ಮೇಲೆ ಹೊಳೆಯಿತು, ನಮ್ಮಲ್ಲಿ
ಕೊಡ ಹೊತ್ತು ಚಿತೆ ಸುತ್ತುವವನು ಯಾರು ಅಂತ.
ಅವಳಿಗೆ ಅದೂ ಗೊತ್ತಿಲ್ಲ, ಇದೂ ಗೊತ್ತಿಲ್ಲ.
ತಲೆಯಾಡಿಸಿ ಹೂವಿನ ಬುಟ್ಟಿಯ ಕಡೆ ಹೋದಳು.

ಫಾದರ್ ಇನ್ನೂ ಬಂದಿರಲಿಲ್ಲ. ಸ್ಪೀಕರು ಗುಂಯ್ ಅನ್ನುತ್ತಿತ್ತು,
ಅರ್ಥ್ ವೈರು ಸಡಿಲ.
ಹಲೋ ಅನ್ನಲಿಲ್ಲ, ಒಂದು ಎರಡು ಮೂರು ಎಣಿಸಲಿಲ್ಲ.
ಸ್ಟ್ಯಾಂಡಿನ ಕಂಬಕ್ಕೆ ಅಂಗೈ ಇಟ್ಟೆ.
ಮಕಾರದ ನಡುಕ.
ಸ್ವಲ್ಪ ಹೊತ್ತು ಬಿಟ್ಟು ಸರಿಮಾಡೋಣ ಅನ್ನಿಸಿತು.