ಒಂಬತ್ತು ಸೀಟು, ಹತ್ತು ಜನ

ಲುವಾಂಗ್ವಾ ನದಿಯ ಈ ದಡದವರು ನಾವು.
ಸೇತುವೆ ದಾಟಿದರೆ ಪಾರ್ಕು. ದಾಟಿಲ್ಲ.
ಹದಿನಾರು ವರ್ಷ ಲಾಡ್ಜಿನಲ್ಲಿ ಬಟ್ಟೆ ಒಗೆದಿದ್ದೇನೆ,
ಸಫಾರಿ ಮುಗಿಸಿ ಬಂದವರ ಬಟ್ಟೆ.
ಕೊಳೆ ಕಾಣಬಾರದೆಂದು ಮಣ್ಣಿನ ಬಣ್ಣದ್ದನ್ನೇ ಕೊಂಡು
ದಿನಾ ಒಗೆಯಲು ಹಾಕುತ್ತಾರೆ, ಪುಣ್ಯಾತ್ಮರು.
ಜೇಬುಗಳಲ್ಲಿ ಸಿಕ್ಕಿದ್ದು: ಹಕ್ಕಿಯ ಪುಕ್ಕ, ಕೆಮ್ಮಿನ ಮಾತ್ರೆ,
ಒಮ್ಮೆ ಒಂದು ಮಡಚಿದ ಪಟ್ಟಿ,
ಸಿಂಹದ ಮುಂದೆ ಗೀಟು, ಜಿರಾಫೆಯ ಮುಂದೆ ಗೀಟು,
ಚಿರತೆಯ ಮುಂದೆ ಖಾಲಿ.
ಆ ಖಾಲಿಗೂ ಇಸ್ತ್ರಿ ಹಾಕಿ
ಅಂಗಿಯ ಮೇಲಿಟ್ಟು ಕೊಟ್ಟೆ.

"ಈ ಸಲ ನಾವೇ ಹೋಗೋಣ" ಎಂದಳು ತಿಸಾವುಕೆ,
ಚೀಟಿ ದುಡ್ಡು ಎಣಿಸುವ ಭಾನುವಾರ, ಮಾವಿನ ಮರದಡಿ.
ಹತ್ತು ಹೆಂಗಸರು, ತಗಡಿನ ಡಬ್ಬಿಗೆ ಮೂರು ಬೀಗ,
ಮೂರು ಮನೆಗಳಲ್ಲಿ ಮೂರು ಕೀಲಿ.
ಹೋದ ವರ್ಷ ಆ ದುಡ್ಡು ಹೊಲಿಗೆ ಯಂತ್ರವಾಯಿತು,
ಅದರ ಹಿಂದಿನ ವರ್ಷ ಶವಪೆಟ್ಟಿಗೆ.

ಗಾಡಿ ಲಾಕ್ಸನ್ ಕೊಡಿಸುತ್ತಾನೆ, ಡೀಸೆಲ್ ನಮ್ಮದು.
ಊರವರಿಗೆ ಟಿಕೆಟ್ಟು ಕಡಿಮೆ. ಕಡಿಮೆಯಾದರೂ ಟಿಕೆಟ್ಟೇ.
"ಅಲ್ಲವೇ, ನನ್ನ ಕುಂಬಳಕಾಯಿ ತಿಂದು
ಬೇಲಿ ತುಳಿದು ಹೋಯಿತಲ್ಲ ಆ ಮಹಾರಾಯ,
ಅವನು ಯಾರಿಗೆ ಟಿಕೆಟ್ಟು ಕೊಟ್ಟಿದ್ದ?"
ಅಜ್ಜಿ ಮಾಲಿತಾ ಕೇಳಿದ್ದಕ್ಕೆ ಲಾಕ್ಸನ್ ಟೊಪ್ಪಿ ಸರಿಮಾಡಿಕೊಂಡ.
ಈ ದಡದಲ್ಲಿ ಕಳ್ಳ, ಆ ದಡದಲ್ಲಿ ದೊರೆ,
ಒಂದೇ ಆನೆ, ನಡುವೆ ಮೊಣಕಾಲುದ್ದ ನೀರು.

ಯಾವಾಗ? ಜೋಳ ಕಣಜ ಸೇರಿದ ಮೇಲೆ, ಮೇ ಕೊನೆಗೆ.
ಬುತ್ತಿಗೆ? ನ್ಶಿಮಾ, ಕಡಲೆಕಾಯಿ ಹಾಕಿದ ಸೊಪ್ಪು, ಕೋಳಿ ಒಂದೇ ಸಾಕು.
"ನೀಲಿ ಉಡಬೇಡಿ, ತ್ಸೆತ್ಸೆ ನೊಣ ಮುತ್ತುತ್ತದೆ" ಎಂದ ಲಾಕ್ಸನ್.
ನಮ್ಮ ಸಂಘದ ಚಿತೇಂಗೆ ಹತ್ತೂ ನೀಲಿ,
ಒಂದೇ ಥಾನಿನಲ್ಲಿ ಕತ್ತರಿಸಿದ್ದು.
ಕಚ್ಚಲಿ ಬಿಡು ಎಂದಾಯಿತು.

ಎಸ್ತೆಲೆ ಮಾತ್ರ ತಲೆ ಎತ್ತದೆ ಕಡಲೆಕಾಯಿ ಸುಲಿಯುತ್ತಿದ್ದಳು.
ಅವಳ ಗಂಡ ಜೋಳ ಕಾಯಲು ಹೋದವನು.
ಪಾತ್ರೆ ಬಡಿಯುವ ಸದ್ದು ಕೇಳುತ್ತಿತ್ತಂತೆ,
ಆಮೇಲೆ ಕೇಳಲಿಲ್ಲವಂತೆ.
ಬೆಳಿಗ್ಗೆ ಮುಚ್ಚಳ ಸಿಕ್ಕಿತು, ಚಪ್ಪಟೆಯಾಗಿ.
ಅದನ್ನೇ ಈಗಲೂ ನೀರಿನ ಕೊಡಕ್ಕೆ ಮುಚ್ಚುತ್ತಾಳೆ.
ಅವಳನ್ನು ಕರೆಯುವುದೋ ಬೇಡವೋ ಎಂದು
ಅವಳಿಲ್ಲದಾಗ ಎರಡು ಸಲ ಮಾತಾಡಿದ್ದೆವು.

"ನನ್ನ ಹೆಸರು ಮೊದಲು ಬರಿ, ಜೆಲಿಪಾ. ಕಿಟಕಿ ಪಕ್ಕ."
"ಆ ಗಾಡಿಗೆ ಕಿಟಕಿಯೇ ಇಲ್ಲ, ಸುತ್ತ ಬಯಲು."
"ಹಾಗಾದರೆ ಅಂಚಿಗೆ."
ಸಿಪ್ಪೆ ಕೊಡವಿದಳು.
"ನಾನು ಕಂಡದ್ದು ರಾತ್ರಿ, ಕತ್ತಲು ಎದ್ದು ನಡೆದ ಹಾಗೆ.
ಹಗಲಲ್ಲಿ ನೋಡಬೇಕು.
ರೆಪ್ಪೆಗೂದಲು ಇರುತ್ತದಂತೆ ಅದಕ್ಕೆ, ನಿಜವೇ?"
ಯಾರಿಗೂ ಗೊತ್ತಿರಲಿಲ್ಲ.

ಒಂಬತ್ತು ಸೀಟು, ಹತ್ತು ಜನ.
ಅದೂ ಅಲ್ಲದೆ, ನಾವು ಅವನ್ನು ನೋಡಲು ಹೋದ ದಿನವೇ
ಅವು ನಮ್ಮನ್ನು ನೋಡಲು ಇತ್ತ ಬಂದರೆ?
ಒಬ್ಬಳು ಉಳಿಯಲೇಬೇಕು, ಕಣಜದ ಪಕ್ಕ
ಮೆಣಸಿನಕಾಯಿ ಬೆರೆಸಿದ ಲದ್ದಿಯ ಇಟ್ಟಿಗೆ ಸುಡಲು.
ಅಜ್ಜಿ ಮಾಲಿತಾ ಬಾನೆಟ್ಟಿನ ಮೇಲೆ ಕೂರುತ್ತಾಳಂತೆ.
ಪುಸ್ತಕದಲ್ಲಿ ಒಂಬತ್ತು ಸಾಲು ತುಂಬಿದೆ,
ಹತ್ತನೆಯ ಹೆಸರು ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ.
ಯಾರದೆಂದು ಕೇಳಬೇಡಿ, ವಾರಕ್ಕೊಮ್ಮೆ ಬದಲಾಗುತ್ತದೆ.

ಅದೇ ರಾತ್ರಿ ಬೇಲಿಯಾಚೆ ಕೊಂಬೆ ಮುರಿಯಿತು.
ನಾಯಿ ಬೊಗಳಲಿಲ್ಲ, ಮಂಚದಡಿ ಸೇರಿತು.
ಘಾಟು ಹೊಗೆಯ ನಡುವೆ, ಕಣ್ಣುರಿಸಿಕೊಂಡು,
ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಸೌಟು,
ಬ್ಯಾಟರಿಯನ್ನು ಹಲ್ಲಲ್ಲಿ ಕಚ್ಚಿ ನಿಂತೆ.
ಹದಿನಾರು ವರ್ಷದಲ್ಲಿ ಮೊದಲ ಸಲ
ಬಡಿಯುವ ಮುನ್ನ ಒಂದು ಉಸಿರು ತಡೆದೆ,
ಬೆಳಕನ್ನು ಮೇಲೆ, ಇನ್ನಷ್ಟು ಮೇಲೆ ಎತ್ತಿದೆ.

ಇವೆ, ಎಸ್ತೆಲೆ. ಉದ್ದ, ಒಣಹುಲ್ಲಿನ ಹಾಗೆ.

ಆಮೇಲೆ ಬಡಿದೆ,
ಇಡೀ ಊರು ಏಳುವ ಹಾಗೆ.