ಮ್ಯೂಟ್ ಮಾಡು, ಮಿಸ್ರಿಯಾ

ಭಾನುವಾರ, ಬೆಳಿಗ್ಗೆ ಏಳೂವರೆ.
ಇಲ್ಲಿ ವಾರ ಶುರುವಾಗುವುದೇ ಹೀಗೆ.
ಮತ್ರಾದ ಬೋಳು ಗುಡ್ಡಗಳು ಆಗಲೇ ಕಾದ ಕಾವಲಿ,
ಕೆಳಗೆ ಗಲ್ಲಿಯ ಬಾಯಿಗೆ ಪೊಲೀಸರ ಅಡ್ಡಗಂಬ,
ಮೂರನೆಯ ಮಹಡಿಯಲ್ಲಿ
ಇಸ್ತ್ರಿ ಮೇಜಿನ ಮೇಲೆ ಅಕ್ಕಿಡಬ್ಬಿ, ಡಬ್ಬಿಗೆ ಒರಗಿದ ಫೋನು,
ಫೋನಿನೆದುರು ಆರನೆಯ ‘ಸಿ’ಯ ಗಣಿತದ ಮಿಸ್ಸು,
ಅಂದರೆ ನಾನು.

ಕರಿಹಲಗೆ ಶಾಲೆಯಲ್ಲೇ ಉಳಿಯಿತು, ಬೀಗದೊಳಗೆ.
ಫ್ರಿಜ್ಜಿನ ಬಾಗಿಲಾದರೇನು, ಬೆಳ್ಳಗಿದೆ, ಸಾಕು.
ಅದರ ಮೇಲೊಂದು ಸಮದ್ವಿಬಾಹು ತ್ರಿಭುಜ ಬರೆದು
ಶೀರ್ಷಕೋನದ ಮಾತೆತ್ತುವಷ್ಟರಲ್ಲಿ
ಬೇಕರಿಯ ರಾತ್ರಿಪಾಳಿ ಮುಗಿಸಿ ಬಂದ ಡೆನ್ಸಿಲ್
ನಿದ್ದೆಗಣ್ಣಲ್ಲೇ ಬಾಗಿಲು ತೆಗೆದು ನೀರು ಕುಡಿದ.
‘ಮಿಸ್, ತ್ರಿಭುಜ ಹೊರಗೆ ಹೋಯ್ತು!’
ಮೂವತ್ತೆಂಟು ಚೌಕಗಳು ಒಟ್ಟಿಗೆ ನಕ್ಕವು.
ನಾನೂ ನಕ್ಕೆ. ಆ ತಿಂಗಳಲ್ಲಿ ಅದೇ ಮೊದಲು.

ಹದಿನೇಳು ವರ್ಷ ಪಾಠ ಮಾಡಿದವಳು.
ಕೊನೆಯ ಬೆಂಚಿನ ಗುಸುಗುಸು ಬೆನ್ನಿಗೆ ಕೇಳಿಸುತ್ತಿತ್ತು.
ಈಗ ನನಗೆ ಪಾಠ ಹೇಳುವವನು
ಭಾಗಾಕಾರದಲ್ಲಿ ಸದಾ ಶೇಷ ಮರೆಯುವ ತನ್ವೀರ:
‘ಕೆಳಗೆ ನೋಡಿ ಮಿಸ್, ಎಡಕ್ಕೆ, ಅಲ್ಲಿ ಒತ್ತಿ.
ಅದಲ್ಲ, ಕೆಂಪಗಿರೋದಲ್ಲ,
ಅದು ಒತ್ತಿದರೆ ನೀವೇ ಹೋಗಿಬಿಡ್ತೀರಿ.’
ಎಷ್ಟು ತಾಳ್ಮೆ ಹುಡುಗನಿಗೆ!
ಅವನ ಶೇಷದ ಬಗ್ಗೆ ನನಗಿರಲಿಲ್ಲ ಅಷ್ಟು.

ರೋಲ್ ನಂಬರ್ ಇಪ್ಪತ್ತಮೂರು, ಮಿಸ್ರಿಯಾ.
ಅವಳ ಚೌಕದಲ್ಲಿ ಮುಖವಿಲ್ಲ,
ಒಂದು ಹೊಲಿಗೆ ಅಂಗಡಿಯ ಬೋರ್ಡು.
ಫೋನು ಅವಳಪ್ಪನದು.
ಅವಳು ಬಾಯಿ ತೆರೆದರೆ ಹಿಂದೆ ಯಂತ್ರ,
ಟಕಟಕಟಕ, ನಿಂತು, ಮತ್ತೆ ಟಕಟಕ.
ಡಿಶ್‌ಡಾಶ ಹೊಲಿಯುತ್ತಿದ್ದ ಕೈ
ಈಗ ಮಾಸ್ಕು ಹೊಲಿಯುತ್ತಿದೆ, ಡಜನಿಗೆ ಇಷ್ಟು ಬೈಸಾ ಅಂತ.
ಗಿರಾಕಿಯ ಕರೆ ಬಂದರೆ ಹುಡುಗಿ ಅರ್ಧ ಲೆಕ್ಕದಲ್ಲಿ ಮಾಯ.
ಹತ್ತು ನಿಮಿಷ ಕಳೆದು ಬಂದು
‘ಸಾರಿ ಮಿಸ್, ಐವತ್ತು ಪೀಸಿನ ಆರ್ಡರು’ ಅನ್ನುವಳು, ಹೆಮ್ಮೆಯಿಂದ.

‘ಮ್ಯೂಟ್ ಮಾಡು, ಮಿಸ್ರಿಯಾ.’
ದಿನಕ್ಕೆ ನಾಲ್ಕು ಸಲ ಹೇಳಿದ್ದೇನೆ.
‘ಎಲ್ಲರಿಗೂ ತೊಂದರೆಯಾಗುತ್ತೆ.’
ಅದನ್ನೂ ಹೇಳಿದ್ದೇನೆ.

ಸೆಪ್ಟೆಂಬರಿಗೆ ಗಲ್ಲಿಯ ಅಡ್ಡಗಂಬ ಇರಲಿಲ್ಲ.
ಕೆಲವು ಅಂಗಡಿ ತೆರೆದವು, ಕೆಲವು ತೆರೆಯಲಿಲ್ಲ.
ಒಂದು ಬೆಳಿಗ್ಗೆ ‘ಇಪ್ಪತ್ತಮೂರು’ ಎಂದೆ.
‘ಪ್ರೆಸೆಂಟ್ ಮಿಸ್.’
ಹಿಂದೆ ಯಂತ್ರವಿಲ್ಲ. ಕಾಗೆ. ಮೀನಿನವನ ಹಾರ್ನು.
‘ಎಲ್ಲಿದ್ದೀಯೆ?’
‘ಉಳ್ಳಾಲದಲ್ಲಿ ಮಿಸ್, ಅಜ್ಜಿಮನೆ. ಇಲ್ಲೀಗ ಒಂಬತ್ತು ಗಂಟೆ,
ನಮ್ಮ ತಿಂಡಿಯೂ ಆಯ್ತು.’
‘ಅಪ್ಪ?’
‘ಇದ್ದಾರೆ. ಸುಮ್ನೆ ಕೂತಿದ್ದಾರೆ.’
‘ಮತ್ತೆ ಯಂತ್ರ?’
‘ಟಿಕೆಟಿಗೆ ಹೋಯ್ತು ಮಿಸ್.’

ಪಾಠದುದ್ದಕ್ಕೂ ಆ ಕಾಗೆ ಕೂಗುತ್ತಲೇ ಇತ್ತು.
ನಾನು ಏನೂ ಹೇಳಲಿಲ್ಲ.
ಮಕ್ಕಳೂ.

ಹನ್ನೊಂದು ದಿನ ಬಂದಳು.
ಆಮೇಲೆ ನೆಟ್ಟು ಮುಗಿಯಿತೋ, ಫೋನೂ ಮಾರಿದರೋ,
ಅಲ್ಲೇ ಶಾಲೆಗೆ ಹಾಕಿದರೋ.
ಆಫೀಸಿನವರು ಪಟ್ಟಿ ತಿದ್ದಿ ಕಳಿಸಿದರು.
ಒಬ್ಬಳು ಹೋದರೆ ಕೆಳಗಿನವರೆಲ್ಲ
ಒಂದೊಂದು ಮೆಟ್ಟಿಲು ಮೇಲೆ;
ಆ ಲೆಕ್ಕದಲ್ಲಿ ಶೇಷ ಬರುವುದಿಲ್ಲ.

ಮರುವರ್ಷ ಶಾಲೆ ತೆರೆಯಿತು, ಏಳನೆಯ ‘ಸಿ’.
ನಿಜವಾದ ಬೆಂಚು, ಅಲುಗಾಡದ ಹಲಗೆ,
ಕಣ್ಣಷ್ಟೇ ಕಾಣುವ ಮಕ್ಕಳು; ಎಲ್ಲರೂ ಉದ್ದವಾಗಿದ್ದಾರೆ.
‘ಇಪ್ಪತ್ತಮೂರು.’
‘ಪ್ರೆಸೆಂಟ್’ ಎಂದಿತು ಒಂದು ಒಡೆದ ಗಂಡುದನಿ.
ಪೆನ್ನು ನಿಂತಿತು.
‘ನಾನೇ ಮಿಸ್, ಜೆರಿನ್, ಮೊದಲು ಇಪ್ಪತ್ತನಾಲ್ಕು’ ಎಂದು
ಗುರುತಿಗೆಂದು ಮಾಸ್ಕನ್ನು ಗಲ್ಲಕ್ಕೆ ಇಳಿಸಿದ.
ನೀಲಿ ಬಟ್ಟೆ, ಅಂಚಿಗೆ ಎರಡು ಸಾಲು ಹೊಲಿಗೆ,
ಒತ್ತಾಗಿ, ಗೆರೆ ಎಳೆದ ಹಾಗೆ.
ಎಲ್ಲಿ ಕೊಂಡದ್ದು ಎಂದು ಕೇಳಬೇಕೆನಿಸಿತು.
‘ಸರಿಯಾಗಿ ಹಾಕಿಕೋ’ ಎಂದೆ.
‘ಇಪ್ಪತ್ತನಾಲ್ಕು.’