ವೀಸದಷ್ಟು ಬೆಳಕು

ಮುಹರ್ರಕ್‌ನ ಹಳೇ ಮನೆ, ಹವಳಗಲ್ಲಿನ ಗೋಡೆ.
ಶುಕ್ರವಾರದ ನಮಾಜು ಮುಗಿದು ಬೀದಿ ಖಾಲಿಯಾದ ಮೇಲೆ
ನಾವು ಹನ್ನೊಂದು ಮಂದಿ, ತಲಾ ಹದಿನೈದು ದಿನಾರು ತೆತ್ತು
ಕತ್ತಲೆ ಕಲಿಯಲು ಕೂತಿದ್ದೇವೆ.

ಮುನೀರಾ ಮೇಡಂ ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಗಿದರು.
ನಲವತ್ತಮೂರು ಡಿಗ್ರಿಯ ಬಿಸಿಲು
ಬಾಗಿಲ ಸಂದಿಯಲ್ಲಿ ಮೂಗು ತೂರಿಸಿ ನಿಂತಿದೆ.
"ಕ್ಯಾಮೆರಾದ ನೆತ್ತಿ ಮೇಲಿನ ಫ್ಲಾಶು
ಪೊಲೀಸರ ಟಾರ್ಚಿದ್ದ ಹಾಗೆ.
ಮುಖ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ.
ಕಿತ್ತು ಪಕ್ಕಕ್ಕಿಡಿ."

ಕಿತ್ತೆವು. ಕಂಬಕ್ಕೆ ಸಿಕ್ಕಿಸಿದೆವು.
ಕಂಬ ವಾಲದಂತೆ ಐದು ಲೀಟರಿನ ನೀರ ಕ್ಯಾನು ನೇತುಹಾಕಿ
ಮೇಲೊಂದು ಬಿಳಿ ಕೊಡೆ ಅರಳಿಸಿದೆವು.
ನಾಲ್ಕು ವರ್ಷದಲ್ಲಿ ಈ ದ್ವೀಪದಲ್ಲಿ
ನಾನು ಬಿಚ್ಚಿದ ಮೊದಲ ಕೊಡೆ.

ಪವರು ಇಳಿಸಿ, ಇನ್ನೂ ಇಳಿಸಿ, ಎಂದರು.
ಅರ್ಧ. ಕಾಲು. ಎಂಟರಲ್ಲೊಂದು. ಹದಿನಾರರಲ್ಲೊಂದು.
ನನ್ನ ಬಾಯಲ್ಲಿ ತಟ್ಟನೆ ಅಜ್ಜಿಯ ಲೆಕ್ಕ:
ಅರೆ, ಕಾಲು, ಅರೆಕಾಲು, ವೀಸ.
ವೀಸ!
ಕೊನೆಗೆ ದೀರ್ಘ ಎಳೆದರೆ ಪಾಸ್‌ಪೋರ್ಟಿನ ಹಾಳೆ,
ಎಳೆಯದೆ ಬಿಟ್ಟರೆ
ಯಾವುದರದೇ ಹದಿನಾರನೇ ಪಾಲು.
ಯಾರಿಗೆ ಹೇಳಲಿ ಈ ತಮಾಷೆ?
ಪಕ್ಕದ ಸಿಮೆಂಟು ಕಂಪನಿಯ ಅಕೌಂಟೆಂಟು
ಲೆನ್ಸಿನ ಮುಚ್ಚಳ ಕಳೆದುಕೊಂಡು
ತಗಾಲೊಗ್‌ನಲ್ಲಿ ಗೊಣಗುತ್ತಿದ್ದಾನೆ.

ಬರಬೇಕಿದ್ದ ಮಾಡೆಲ್ ಬರಲಿಲ್ಲ.
ಚಹಾ ತಂದವನನ್ನೇ ಸ್ಟೂಲಿನ ಮೇಲೆ ಕೂರಿಸಿದರು.
ರಾಜಮಲ್ಲು. ಜಗಿತ್ಯಾಲದವನು.
ತೊಡೆಯ ಮೇಲಿನ್ನೂ ಖಾಲಿ ಟ್ರೇ.
ಹತ್ತು ಜನ ಒಬ್ಬೊಬ್ಬರಾಗಿ
ಅವನ ಮುಖವನ್ನು ಕತ್ತಲಲ್ಲಿ ಅದ್ದಿ ತೆಗೆದರು.
ಅರ್ಧ ಮೂಗು, ಒಂದು ಕಣ್ಣು, ಕೆನ್ನೆಯ ಮೂಳೆ.
"ಅಬ್ಬಾ, ಏನು ದುಃಖ!" ಅಂದರು ಯಾರೋ ಸ್ಕ್ರೀನು ನೋಡಿ.
ರಾಜಮಲ್ಲುವಿಗೆ ದುಃಖವೇನೂ ಇದ್ದಂತಿರಲಿಲ್ಲ.
ಕಣ್ಣು ಕುಕ್ಕುತ್ತಿತ್ತು, ಚಹಾ ಆರುತ್ತಿತ್ತು.

ನನ್ನ ಸರದಿ.
ಬೆರಳು ಗುಂಡಿಯ ಮೇಲಿಟ್ಟದ್ದೇ ತಡ
ಬಾಯಿ ತಾನೇ ಹೇಳಿಬಿಟ್ಟಿತು. ವಾರದಾರು ದಿನದ ಚಾಳಿ,
ಆರು ಭಾಷೆಯಲ್ಲಿ ನಾನು ಕಲಿತಿರುವ ಅದೇ ಮಾತು:
"ಊಪಿರಿ ಬಿಗಪಟ್ಟು. ಕದಲಕು."

ಅವನ ಎದೆ ನಿಂತಿತು. ಗದ್ದ ಮೇಲೆದ್ದಿತು.
ಭುಜಗಳು ಮುಂದೆ ಬಾಗಿ
ಅಲ್ಲಿಲ್ಲದ ಹಲಗೆಯನ್ನು ಅಪ್ಪಿದವು.
ಆಮೇಲೆ ನೆರಳ ಕಡೆಯ ಕಣ್ಣು ನನ್ನತ್ತ ಹೊರಳಿತು.
ಹಿಡಿದದ್ದರಲ್ಲಿ ಒಂದು ಚೂರು ಉಸಿರು ಖರ್ಚು ಮಾಡಿ ಕೇಳಿದ:
"ಎಕ್ಸ್‌ರೇ ಮೇಡಂ?"

ಹೌದು. ಮೆಡಿಕಲ್ ಸೆಂಟರಿನ ಮೂರನೇ ಕೋಣೆ,
ದಿನಕ್ಕೆ ತೊಂಬತ್ತು ಎದೆಗೂಡು.
ಹಲಗೆಗೆ ಎದೆಯೊತ್ತಿ, ಮುಖ ಗೋಡೆಗೆ ಮಾಡಿ
ನನಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.
ಎಷ್ಟು ಗಂಡಸರ ಪಕ್ಕೆಲುಬು ಎಣಿಸಿದ್ದೇನೆ,
ಬೆನ್ನ ಮಚ್ಚೆ, ಬೆವರುಗುಳ್ಳೆ,
ಬಿಚ್ಚಿಟ್ಟ ತಾಯಿತದ ದಾರ ಕೊರಳಲ್ಲಿ ಬಿಟ್ಟ ಗೆರೆ.
ಒಬ್ಬನ ಕಣ್ಣು ಹೇಗಿತ್ತೆಂದು ಹೇಳಲಾರೆ.
ಅವರಿಗೂ ನಾನು ಸೀಸದ ಗೋಡೆಯಾಚೆಯ ಒಂದು ದನಿ.

"ಆವತ್ತು ನೀವು ಬಿಡು ಅನ್ನಲೇ ಇಲ್ಲ,"
ತೆಲುಗು ಹಿಂದಿ ಕಲಸಿ ಹೇಳಿದ,
"ಬಾಗಿಲು ತೆಗೆದು ಮುಂದಿನವನನ್ನು ಕೂಗಿದಿರಿ.
ಲಿಫ್ಟಿನ ತನಕ ಹಾಗೇ ಹಿಡಿದುಕೊಂಡು ಹೋದೆ."
ಎಲ್ಲರೂ ನಕ್ಕರು. ಅವನೂ.
ನಾನು ನಗಬೇಕಿತ್ತು.

ನಗುತ್ತ ಮುಂದಕ್ಕೆ ಬಾಗಿದ,
ನೆರಳಿನಿಂದ ಪೂರ್ತಿ ಈಚೆಗೆ.
ಒತ್ತಿದೆ.

"ಮೂಡೇ ಹೋಯಿತಲ್ಲ," ಅಂದರು ಮುನೀರಾ ಮೇಡಂ,
ಆದರೂ ದೊಡ್ಡದು ಮಾಡಿ ನೋಡಿದರು.
ಎರಡು ಕಣ್ಣು.
ಒಂದೊಂದರಲ್ಲೂ ಸಾಸಿವೆಯಷ್ಟು
ಬಿಚ್ಚಿದ ಬಿಳಿ ಕೊಡೆ.
ರಾಜಮಲ್ಲು ಸ್ಕ್ರೀನಿಗೆ ತಲೆ ಹಾಕಿದ:
"ಫಿಟ್ಟಾ, ಮೇಡಂ?"

ಟ್ರೇ ಎತ್ತಿಕೊಂಡು ಹೊರಟವನನ್ನು ತಡೆದು ಕೇಳಿದೆ,
ಬಿಡು ಅನ್ನಲು ನಿಮ್ಮಲ್ಲಿ ಏನಂತೀರಿ?
ಆರು ಭಾಷೆಯಲ್ಲಿ ನನಗೆ ಹಿಡಿ ಗೊತ್ತು.
ಅವನು ಹೇಳಿದ. ಎರಡು ಸಲ.

ನೋಟ್‌ಬುಕ್ಕಿನಲ್ಲಿ ಆ ದಿನದ ಪಾಠ, ನನ್ನ ಕೈಬರಹ:
ಎಫ್ ಎಂಟು,
ಷಟರು ನೂರಾ ಅರವತ್ತು,
ಬೆಳಕು ವೀಸ,
ವದುಲು.